ಒಂಟಿ ಸೀನು ಮತ್ತು ನನ್ನ ಪಂಚಮ

ಮೊನ್ನೆ ತೀರ್ಥಹಳ್ಳಿಯ ಮದುವೆಯೊಂದರಲ್ಲಿ ನಾನು ಕ್ಲಾರಿಯೋನೆಟ್ ಬಹಳ ಚೆನ್ನಾಗಿ ಊದಿದೆ. ಅದಕ್ಕೇ ತುಂಬಿದ ಛತ್ರದಲ್ಲಿ ಬೈಸಿಕೊಂಡೆ.

ನಗಬೇಡಿ. ಪೂರ್ತಿ ಕೇಳಿ.

ಹೋದ ವರ್ಷ ಹೊಸನಗರದಲ್ಲಿ ನನ್ನ ಸೋದರತ್ತೆಯ ದೊಡ್ಡ ಮಗಳ ಮದುವೆ. ಓಲಗದವರ ಪಕ್ಕ ನನಗೂ ಒಂದು ಚಾಪೆ ಹಾಸಿದ್ದರು. (ಸೋದರಳಿಯ ಎಂಬ ದಾಕ್ಷಿಣ್ಯಕ್ಕೆ, ವಿದ್ವಾಂಸ ಅಂತ ಅಲ್ಲ.) ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು "ಗಟ್ಟಿಮೇಳ!" ಎಂದರು. ನಾನು ತಾರಸ್ಥಾಯಿಯ ಪಂಚಮಕ್ಕೆ ಹಾರಿದೆ. ಬಂದದ್ದು ಪಂಚಮವೇ? ಬಾಲ ತುಳಿಸಿಕೊಂಡ ಬೆಕ್ಕು! ಅಡುಗೆಯವರ ಕೈಯಿಂದ ಸೌಟು ಬಿತ್ತು.

ಅತ್ತೆ ಮಾತ್ರ ಏನೂ ಅನ್ನಲಿಲ್ಲ. ಅದೇ ನನ್ನನ್ನು ಚುಚ್ಚಿತು. ನಾಚಿಕೆಯಿಂದ ಸತ್ತೇಹೋದೆ. ಎರಡನೆಯ ಮಗಳ ಮದುವೆಯಲ್ಲಿ ಇದೇ ಸ್ವರ ಸರಿಯಾಗಿ ಬರದಿದ್ದರೆ ವಾದ್ಯವನ್ನು ಅಟ್ಟಕ್ಕೆ ಹಾಕಿಬಿಡುತ್ತೇನೆ ಎಂದು ಶಪಥ ಮಾಡಿದೆ.

ಅಲ್ಲಿಂದ ಭಾನುವಾರ ಬಂತೆಂದರೆ ನಮ್ಮೂರು ಸಾಗರದಿಂದ ಕಾರ್ಗಲ್ಲಿಗೆ ಬಸ್ಸು. ಅಣೆಕಟ್ಟೆ ಕೆಲಸದವರ ಕಾಲೋನಿಯಲ್ಲಿ, ಹಿಂದೆ ಬ್ಯಾಂಡಿನಲ್ಲಿದ್ದ ಮೇಷ್ಟ್ರೊಬ್ಬರಿದ್ದಾರೆ. ನನ್ನ ಪಂಚಮ ಕೇಳಿದವರೇ ಮೊದಲು ಎದ್ದುಹೋಗಿ ಕಿಟಕಿ ಮುಚ್ಚಿದರು.

"ಬಾಯಿಗಿಡೋ ರೀಡ್ ಕಚ್ಚಬೇಡಿ ಸಾರ್. ತುಟಿ ಸುಮ್ನೆ ಹಿಡ್ಕೊಂಡಿರ್ಲಿ. ಗಾಳಿ ಹೊಟ್ಟೆಯಿಂದ ಬರ್ಬೇಕು, ಉದ್ದಕ್ಕೆ, ಒಂದೇ ಸಮ. ಸಣ್ಣಗೆ ಶುರು ಮಾಡಿ, ಮೆಲ್ಲಗೆ ದೊಡ್ಡದು ಮಾಡಿ."

ಮನೆಯಲ್ಲಿ ಪ್ರಾಕ್ಟೀಸ್ ಶುರುವಾಯಿತು. ಹೆಂಡತಿ ಒಂದು ವಾರ ಸಹಿಸಿದಳು. ಆಮೇಲೆ ಊದುಗೊಳವೆ ತಂದು ಕೈಗಿಟ್ಟಳು.

"ಅಷ್ಟು ಉಸಿರಿದ್ರೆ ಒಲೆ ಊದಿ ಮಾರಾಯ್ರೆ. ಸೌದೆ ಹಸಿ ಇದೆ."

ಊದಿದೆ. ಹಸಿ ಸೌದೆಗೆ ಉದ್ದಕ್ಕೆ, ಒಂದೇ ಸಮ ಊದದಿದ್ದರೆ ಕಣ್ಣಿಗೆ ಹೊಗೆಯೇ ಗತಿ. ದಿನಾ ಊದಿ ಊದಿ ಮನೆಯಲ್ಲಿ ಕಾಫಿ ಬೇಗ ಆಗತೊಡಗಿತು. ಪಂಚಮವೂ ದುಂಡಗಾಯಿತು. ಒಂದು ಭಾನುವಾರ ಮೇಷ್ಟ್ರು ತಾವಾಗಿಯೇ ಕಿಟಕಿ ತೆರೆದರು!

ಈಗ ಮೊನ್ನೆಯ ಮದುವೆಗೆ ಬನ್ನಿ. ಅತ್ತೆಯ ಎರಡನೆಯ ಮಗಳದ್ದು. ವರ ತಾಳಿ ಎತ್ತಿದ. ಪುರೋಹಿತರು ಕೈ ಎತ್ತಿದರು. ನಾನು ಸಣ್ಣಗೆ ಶುರು ಮಾಡಿ, ಮೆಲ್ಲಗೆ ದೊಡ್ಡದು ಮಾಡಿದೆ. ಡೋಲಿನವನು ಬಾರಿಸುವುದನ್ನೇ ಮರೆತು ನನ್ನ ಮುಖ ನೋಡಿದ. ನಾಗಸ್ವರದವರು ವಾದ್ಯ ಕೆಳಗಿಟ್ಟು ತಲೆದೂಗಿದರು. ಇಡೀ ಛತ್ರದಲ್ಲಿ ನನ್ನ ಪಂಚಮ ಒಂದೇ. (ಆಹಾ, ಅದೆಂಥ ಟೋನ್!)

"ಆಕ್ಷೀ!"

ಸೀನಿದ್ದು ಮಾವ, ಅತ್ತೆಯ ಯಜಮಾನರು. ಮದುಮಗಳ ತಂದೆ. ನಶ್ಯದ ಪರಮಭಕ್ತರು.

ಅದೂ ಒಂಟಿ ಸೀನು! ವರನ ಕೈ ಅಲ್ಲೇ ನಿಂತಿತು. ಜೋಡಿ ಸೀನಾದರೆ ದೋಷವಿಲ್ಲ, ಒಂಟಿಯಾದರೆ ಅಪಶಕುನ. ಮಾವ ಮತ್ತೆ ನಶ್ಯ ಏರಿಸಿದರು. ಬಾಗಿಲಾಚೆಯ ಬಿಸಿಲು ನೋಡಿದರು. ಮೂಗಿಗೆ ದರ್ಭೆ ಹಾಕಿಕೊಂಡರು. ಊಹೂಂ, ಇನ್ನೊಂದು ಸೀನು ಬರಲಿಲ್ಲ.

"ಮುಹೂರ್ತ ಮೀರ್ತಾ ಇದೆ," ಎಂದರು ಪುರೋಹಿತರು.

ಅತ್ತೆ ತಿರುಗಿದ್ದು ನನ್ನ ಕಡೆಗೆ.

"ಎಂತ ಮಾರಾಯ ನೀನು! ಗಟ್ಟಿಮೇಳ ಅಂದ್ರೆ ಸಂಗೀತ ಕಚೇರಿಯಾ? ಹೋದ ವರ್ಷಾನೂ ಇವ್ರು ಸೀನಿದ್ರು. ನಿನ್ನ ಕಿರುಚಾಟದಲ್ಲಿ ಒಬ್ರಿಗೂ ಕೇಳ್ಲಿಲ್ಲ. ಅದ್ಕೇ ಅಲ್ವಾ ಈ ಸಲಾನೂ ನಿನ್ನ ಕರ್ಸಿದ್ದು?"

ಹೌದಲ್ಲ! ಗಟ್ಟಿಮೇಳ ಬಾರಿಸುವುದು ಕೇಳಲಿ ಅಂತ ಅಲ್ಲ, ಬೇರೇನೂ ಕೇಳದಿರಲಿ ಅಂತ. (ಲೌಡ್‌ಸ್ಪೀಕರ್ ಕಟ್ಟಿ ಭಾಷಣ ಮಾಡುವವರಿಗೆ ಈ ಗುಟ್ಟು ಗೊತ್ತಿರಬೇಕು.)

"ಊದು, ಹೋದ ವರ್ಷ ಊದಿದ ಹಂಗೇ ಊದು! ಹೆದರಿಯಾದ್ರೂ ಸೀನ್ತಾರೆ."

ಊದಿದೆ. ದುಂಡಗೆ ಬಂತು. ಮತ್ತೆ ಊದಿದೆ. ಇನ್ನೂ ಇಂಪಾಗಿ ಬಂತು! ಒಂದು ವರ್ಷದ ಸಾಧನೆ ಒಂದು ಗಳಿಗೆಯಲ್ಲಿ ಹೋಗು ಅಂದರೆ ಹೋಗುತ್ತದೆಯೇ? ವರನ ಹಣೆಯಲ್ಲಿ ಬೆವರು. ಮದುಮಗಳ ಕಣ್ಣಲ್ಲಿ ನೀರು. ನನಗೂ ಅಳು ಬಂತು.

ಅತ್ತೆ ಸೀರೆಯ ಸೆರಗು ಸಿಕ್ಕಿಸಿ ನನ್ನ ಬೆನ್ನಿಗೊಂದು ಗುದ್ದಿದರು. ಹಲ್ಲು ರೀಡ್ ಕಚ್ಚಿತು. ಹಳೆಯ ಬೆಕ್ಕು ಹೊರಗೆ ಹಾರಿತು. ಮಾವ ಬೆಚ್ಚಿಬಿದ್ದರು, ಚಿಟಿಕೆಯಲ್ಲಿದ್ದ ನಶ್ಯವೆಲ್ಲ ಮೂಗಿಗೆ ನುಗ್ಗಿತು.

"ಆಕ್ಷೀ!"

ಛತ್ರವೆಲ್ಲ ಚಪ್ಪಾಳೆ. ಮದುಮಗಳ ಕೊರಳಿಗೆ ತಾಳಿ ಬಿತ್ತು.

ಊಟಕ್ಕೆ ಕೂತಾಗ ಅತ್ತೆ ಖುದ್ದಾಗಿ ಬಂದು ಹೋಳಿಗೆಯ ಮೇಲೆ ಹೋಳಿಗೆ ಹಾಕಿದರು. "ಮೂರನೆಯವಳ ಮದುವೆಗೂ ನೀನೇ ಬರ್ಬೇಕು. ಅಲ್ಲೀತನಕ ಪ್ರಾಕ್ಟೀಸು ಗೀಕ್ಟೀಸು ಅಂದ್ರೆ ನೋಡು!"

ಸಾಗರಕ್ಕೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ನಕ್ಕು ನಕ್ಕು ಸುಸ್ತಾದಳು. ಆಮೇಲೆ ಕಣ್ಣೊರೆಸಿಕೊಂಡು ಊದುಗೊಳವೆ ಕೈಗಿಟ್ಟಳು. "ಅದನ್ನ ಬಿಟ್ರೂ ಇದನ್ನ ಬಿಡ್ಬೇಡಿ."

ನೀವೇ ಹೇಳಿ, ಇಷ್ಟು ಚೆಂದ ಊದುವವನಿಗೆ ಮೂರು ತಾಲ್ಲೂಕಿನಲ್ಲಿ ಒಲೆಯ ಮುಂದೆ ಬಿಟ್ಟರೆ ಬೇರೆಲ್ಲೂ ಜಾಗವಿಲ್ಲವೇ?