ಮೂರನೇ ಮಹಡಿಯ ಫರೋ ದ್ವೀಪ

ದುಬೈಯಲ್ಲಿ ಶುಕ್ರವಾರವೇ ಭಾನುವಾರವಾಗಿದ್ದ ಕಾಲ ಅದು. ಶಾಲೆಗೂ ಆಫೀಸಿಗೂ ಶುಕ್ರವಾರ ರಜೆ, ಭಾನುವಾರ ಬೆಳಿಗ್ಗೆ ಕಣ್ಣುಜ್ಜಿಕೊಂಡು ಸ್ಕೂಲ್ ಬಸ್ಸು ಹತ್ತಬೇಕು. ಅಲ್ಲಿ ಬೆಳೆದವರಿಗೆಲ್ಲ ಗೊತ್ತು, ಅಕ್ಟೋಬರ್ ಕೊನೆಗೆ ಸೆಖೆ ತಗ್ಗಿತೆಂದರೆ ಶುಕ್ರವಾರ ಊಟವಾದ ಮೇಲೆ ಯಾವ ಮಗುವೂ ಫ್ಲಾಟಿನೊಳಗೆ ನಿಲ್ಲುತ್ತಿರಲಿಲ್ಲ.

ನಮ್ಮದು ಅಲ್ ಕುಸೈಸಿನ ಆರು ಮಹಡಿಯ ಹಳೆಯ ಕಟ್ಟಡ. ಕೆಳಗೆ ಒಂದು ಕೆಫೆಟೇರಿಯ, ಒಂದು ಲಾಂಡ್ರಿ. ಲಿಫ್ಟಿನ ಬಾಗಿಲು ತೆರೆದರೆ ಇಸ್ತ್ರಿಯ ಬಿಸಿ ವಾಸನೆಯೂ ಶವರ್ಮದ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯುತ್ತಿದ್ದವು. ಹಿಂದುಗಡೆ ಮರಳಿನ ಖಾಲಿ ಜಾಗ. ಅರ್ಧಕ್ಕೆ ಕಾರುಗಳು ನಿಂತಿರುತ್ತಿದ್ದವು, ಉಳಿದರ್ಧ ನಮ್ಮದು. ನಾನು ಆಗ ಏಳನೇ ಕ್ಲಾಸು, ತಮ್ಮ ಆಶು ನಾಲ್ಕನೇ ಕ್ಲಾಸು.

ಆ ವರ್ಷ ಯುರೋಪಿನ ದೇಶಗಳ ಅರ್ಹತಾ ಪಂದ್ಯಗಳು ಶುರುವಾಗಿದ್ದವು. ದೊಡ್ಡ ಟೂರ್ನಮೆಂಟಿಗೆ ಹೋಗಲು ದೇಶಗಳನ್ನು ಗುಂಪು ಮಾಡಿ, ಗುಂಪಿನೊಳಗೆ ಒಬ್ಬೊಬ್ಬರ ಮೇಲೆ ಎರಡೆರಡು ಸಲ ಆಡಿಸುತ್ತಾರಲ್ಲ, ಅದು. ಐದನೇ ಮಹಡಿಯ ಜೋವಿನ್‌ಗೆ ಫುಟ್‌ಬಾಲೇ ಊಟ, ಫುಟ್‌ಬಾಲೇ ನಿದ್ದೆ. ಮಂಗಳೂರು ಕಡೆಯ ಕೊಂಕಣಿ ಹುಡುಗ, ನನಗಿಂತ ಒಂದು ವರ್ಷ ದೊಡ್ಡವನು. ಅವನೇ ಒಂದು ಗುಂಪನ್ನು ಹಾಗೆಯೇ ಎತ್ತಿ ತಂದು ನಮ್ಮ ಕಟ್ಟಡದ ಮೇಲಿಟ್ಟ. ಆರು ದೇಶ, ಆರು ಮಹಡಿ. ಮಹಡಿಗೆ ಮೂವರು ಆಟಗಾರರು. ಹಾಲಿನ ಪುಡಿ ಡಬ್ಬದಲ್ಲಿ ಚೀಟಿ ಹಾಕಿ, ಗಟ್ಟಿ ಆಟಗಾರರಿದ್ದ ಮಹಡಿಯವರಿಗೆ ಮೊದಲು ಎತ್ತುವ ಹಕ್ಕು ಕೊಟ್ಟ. ಅವನ ಕೈಗೆ ಗ್ರೀಸ್ ಬಂತು. ಕೊನೆಗೆ ಡಬ್ಬದ ತಳದಲ್ಲಿ ಉಳಿದದ್ದು ನಮಗೆ.

"ಫರೋ ದ್ವೀಪ," ಅಂತ ಓದಿದೆ. "ಇದೆಂತ ದೇಶವಾ, ಅಂಗಡಿಯ ಹೆಸರಾ?"

ಅಪ್ಪ ಫೋನಿನಲ್ಲಿ ಭೂಪಟ ತೋರಿಸಿದರು. ಸಮುದ್ರದ ನಡುವೆ ನಾಲ್ಕು ಚುಕ್ಕಿ. "ಅಲ್ಲಿ ಜನರಿಗಿಂತ ಕುರಿಗಳೇ ಜಾಸ್ತಿಯಂತೆ," ಎಂದರು.

"ಹಾಗಾದ್ರೆ ನಿಮಗೆ ಸರಿಯಾಯ್ತು," ಎಂದು ಅಡುಗೆಮನೆಯಿಂದ ಅಮ್ಮ ದನಿ ಹಾಕಿದರು.

ನಮ್ಮ ತಂಡ ನೋಡಿದರೆ ಅಮ್ಮನ ಮಾತಿನಲ್ಲಿ ತಪ್ಪೇನಿರಲಿಲ್ಲ. ನಾನು, ಆಶು, ಮತ್ತೆ ಎದುರು ಫ್ಲಾಟಿನ ಸುಹೈಲ್. ಹೈದರಾಬಾದಿನ ಹುಡುಗ, ದಪ್ಪ ಕನ್ನಡಕ, ನಮ್ಮ ಗೋಲ್‌ಕೀಪರ್. ಚೆಂಡು ಹತ್ತಿರ ಬಂದರೆ ಮೊದಲು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅಷ್ಟರಲ್ಲಿ ಗೋಲಾಗಿರುತ್ತಿತ್ತು.

ನಮ್ಮಲ್ಲಿ ಒಂದು ಪದ್ಧತಿ ಬೆಳೆಯಿತು. ಮೈದಾನ ಎಲ್ಲರಿಗೂ ಒಂದೇ ಆದದ್ದರಿಂದ, ಯಾರ 'ಹೋಮ್ ಮ್ಯಾಚೋ' ಆ ಮಹಡಿಯವರು ಚೆಂಡು ತರಬೇಕು, ಆಟ ಮುಗಿದ ಮೇಲೆ ಎದುರು ತಂಡವನ್ನು ಮನೆಗೆ ಕರೆದು ತಿಂಡಿ ಕೊಡಬೇಕು. ಎರಡನೇ ಮಹಡಿಗೆ ಹೋದರೆ ಮಲಯಾಳಿ ಆಂಟಿ ಕರಿದ ಬಾಳೆಹಣ್ಣಿನ ಪೋಡಿ, ಡಿಸೆಂಬರಿನಲ್ಲಿ ಐದನೇ ಮಹಡಿಗೆ ಹೋದ ತಂಡದವರಿಗೆ ಸಕ್ಕರೆ ಮೆತ್ತಿದ ಕ್ರಿಸ್‌ಮಸ್ ತಿಂಡಿ ಕುಲ್‌ಕುಲ್. ನಮ್ಮಲ್ಲಿ ಅಮ್ಮನ ಗೋಳಿಬಜೆ. ಸೋತ ಸಿಟ್ಟಿಗೆ ಮುಖ ಉಬ್ಬಿಸಿಕೊಂಡು ಬಂದವರೂ ಬಜೆಯ ತಟ್ಟೆ ಖಾಲಿಯಾಗುವ ಹೊತ್ತಿಗೆ ಸರಿಯಾಗುತ್ತಿದ್ದರು. ಸೋತು ಬರುತ್ತಿದ್ದವರು ಹೆಚ್ಚಾಗಿ ನಾವೇ ಅನ್ನುವುದು ಬೇರೆ ಮಾತು.

ಒಂದು ಶನಿವಾರ ಬೆಳಿಗ್ಗೆ ತಿಂಡಿಗೆ ಕೂತಾಗ ಅಪ್ಪ ಫೋನು ನೋಡುತ್ತಾ, "ಸ್ವಾತಿ, ನಿಮ್ಮ ಕುರಿಗಳು ಗೆದ್ದಿದ್ದಾವೆ ಮಾರಾಯ್ತಿ," ಎಂದರು. ನಿಜವಾದ ಫರೋ ದ್ವೀಪದವರು ಗ್ರೀಸಿಗೇ ಹೋಗಿ ಗ್ರೀಸನ್ನು ಸೋಲಿಸಿದ್ದರು. ಆಶು ಕೈಯಲ್ಲಿದ್ದ ದೋಸೆ ಬಿಟ್ಟು, "ನಾವಾ ಗೆದ್ದದ್ದು?" ಎಂದು ಕೇಳಿದ. "ನಾವೇ," ಎಂದೆ. ಹಾಗೆ ಹೇಳಿದ ಮೇಲೆ ಬಿಡಲಾಗುತ್ತದಾ? ಮುಂದಿನ ಶುಕ್ರವಾರ ನಮಗೂ ಗ್ರೀಸ್ ಮೇಲೆಯೇ, ಅಂದರೆ ಜೋವಿನ್ ತಂಡದ ಮೇಲೆ, ಪಂದ್ಯವಿತ್ತು. ವಾರವಿಡೀ ಶಾಲೆ ಬಿಟ್ಟು ಬಂದ ಮೇಲೆ ಸುಹೈಲ್‌ನ ಕನ್ನಡಕಕ್ಕೆ ಹಿಂದಿನಿಂದ ಲಾಡಿ ಕಟ್ಟಿ, ತೆಗೆಯಲಾಗದ ಹಾಗೆ ಮಾಡಿ, ಅವನ ಮೇಲೆ ಚೆಂಡು ಒದ್ದು ಒದ್ದು ಹೆದರಿಕೆ ಬಿಡಿಸಿದೆ. ಶುಕ್ರವಾರ ಅವನು ಎಲ್ಲವನ್ನೂ ಹಿಡಿದ. ಆಶು ಕಾಲಿಗೆ ತಾಗಿದ ಚೆಂಡು ಟ್ರಾನ್ಸ್‌ಫಾರ್ಮರ್ ಕೋಣೆಯ ಗೋಡೆಗೆ, ಅಂದರೆ ಅವರ ಗೋಲಿಗೆ, ಹೋಗಿ ಬಡಿಯಿತು. ಒಂದು ಗೋಲು, ಅಷ್ಟೇ. ಜೋವಿನ್ ಅಂದು ನಮ್ಮ ಮನೆಗೆ ಬಜೆಗೂ ಬರಲಿಲ್ಲ.

ಉಳಿದವರೆಲ್ಲ ನಮ್ಮನ್ನು ಸೋಲಿಸುತ್ತಲೇ ಇದ್ದರು. ನನಗೆ ಬೇಜಾರಿರಲಿಲ್ಲ. ನಮ್ಮ ಹೆಸರಿನ ಎದುರು ಒಂದು ಗೆಲುವಿತ್ತಲ್ಲ.

ಫೆಬ್ರವರಿಯಲ್ಲಿ ಅಪ್ಪ ಟಿವಿ ಆರಿಸಿ ನಮ್ಮಿಬ್ಬರನ್ನೂ ಹತ್ತಿರ ಕೂರಿಸಿಕೊಂಡರು. ಅವರ ಕಂಪೆನಿಯಲ್ಲಿ ಕೆಲಸ ಕಮ್ಮಿಯಾಗಿತ್ತು, ಇನ್ನು ಫ್ಯಾಮಿಲಿ ಇಟ್ಟುಕೊಳ್ಳಲು ಆಗುವುದಿಲ್ಲ. ವಾರ್ಷಿಕ ಪರೀಕ್ಷೆ ಮುಗಿದ ಕೂಡಲೇ ಅಮ್ಮ, ನಾನು, ಆಶು ಉಡುಪಿಗೆ. ಅಪ್ಪ ಮಾತ್ರ ಇಲ್ಲೇ, ನಾಲ್ಕು ಜನರ ಜೊತೆ ರೂಮು ಹಂಚಿಕೊಂಡು. "ಎಂತ ಮಾಡುದು ಮಗಾ," ಎಂದರು. ಆ ಕೊಠಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಅಳು ಬಂದದ್ದು ಅವರಿಗೆ. ನಾನು ಅಳಲಿಲ್ಲ, ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಗೊತ್ತಿರಲಿಲ್ಲ.

ಮಾರನೇ ದಿನ ಜೋವಿನ್‌ಗೆ ಹೇಳಿದೆ. ಅವನು ತಲೆ ಕೆರೆದುಕೊಂಡ. "ಸೋ ಸ್ಯಾಡ್ ಯಾ. ಆದ್ರೆ ಟೀಮ್ ವಿತ್‌ಡ್ರಾ ಆದ್ರೆ ಅದರ ಎಲ್ಲಾ ಮ್ಯಾಚ್ ಕ್ಯಾನ್ಸಲ್. ದಟ್ಸ್ ದ ರೂಲ್."

"ಎಲ್ಲಾ ಅಂದ್ರೆ?"

"ಆಡಿದ್ದೂ ಕ್ಯಾನ್ಸಲ್. ನೀವು ಆಡಿದ್ದೇ ಇಲ್ಲ ಅಂತ ಲೆಕ್ಕ."

ಈಗ ಸಿಟ್ಟಿಗೊಂದು ವಿಳಾಸ ಸಿಕ್ಕಿತು. ಮನೆ ಹೋಗಲಿ, ಶಾಲೆ ಹೋಗಲಿ, ಅದು ನನ್ನ ಕೈಯಲ್ಲಿರಲಿಲ್ಲ. ಆ ಒಂದು ಗೆಲುವನ್ನು ಮಾತ್ರ ಬಿಡುವುದಿಲ್ಲ ಎಂದು ಮೆಟ್ಟಿಲು ಇಳಿಯುವಾಗಲೇ ಗಟ್ಟಿ ಮಾಡಿದೆ. ನಮಗೆ ಬಾಕಿ ಇದ್ದದ್ದು ಮೂರು ಪಂದ್ಯ. ವಿಮಾನ ಹತ್ತುವ ಮೊದಲು ಮೂರನ್ನೂ ಆಡಿ ಮುಗಿಸಿದರೆ ನಾವು ಬಿಟ್ಟು ಹೋದವರಲ್ಲ, ಆಡಿ ಮುಗಿಸಿದವರು.

ಎರಡನೇ ಮಹಡಿಯ ಬೆಲ್ ಒತ್ತಿದೆ, ಆರನೇ ಮಹಡಿಯ ಬೆಲ್ ಒತ್ತಿದೆ. "ನಾವು ಆಡದೆ ಹೋದ್ರೆ ನೀವು ನಮ್ಮ ಮೇಲೆ ಗೆದ್ದದ್ದೂ ಹೋಗ್ತದೆ, ನೋಡಿ," ಎಂದೆ. ಅವರಿಗೆ ತಟ್ಟನೆ ಅರ್ಥವಾಯಿತು. ಪರೀಕ್ಷೆಯ ನಡುವೆಯೇ ಸಂಜೆ ಟ್ಯೂಷನ್ ತಪ್ಪಿಸಿ ಬಂದು ಆಡಿದರು, ನಮ್ಮನ್ನು ಚೆನ್ನಾಗಿ ಸೋಲಿಸಿ ಹೋದರು. ಮನೆ ತುಂಬ ರಟ್ಟಿನ ಪೆಟ್ಟಿಗೆ, ಟೇಪಿನ ವಾಸನೆ. ಬಾಣಲೆಯನ್ನು ಪ್ಯಾಕ್ ಮಾಡಿದ್ದ ಅಮ್ಮ ಒಂದು ಪಂದ್ಯಕ್ಕಾಗಿ ಪೆಟ್ಟಿಗೆ ಬಿಚ್ಚಿ ಅದನ್ನು ಹೊರತೆಗೆದರು. "ನಿನ್ನ ಫುಟ್‌ಬಾಲಿನ ಕರ್ಮ," ಎಂದು ಬೈಯುತ್ತಲೇ ಎಣ್ಣೆಗೆ ಬಜೆ ಬಿಟ್ಟರು.

ಉಳಿದದ್ದು ಗ್ರೀಸ್. ಜೋವಿನ್ ಜಾರಿಕೊಳ್ಳುತ್ತಲೇ ಇದ್ದ. ಒಂದು ದಿನ ಸೈನ್ಸ್ ಪರೀಕ್ಷೆ, ಒಂದು ದಿನ ಮೊಣಕಾಲು ನೋವು, ಇನ್ನೊಂದು ದಿನ ಅಂಕಲ್ ಮನೆಗೆ ಹೋಗಬೇಕು. ಇಡೀ ಕಟ್ಟಡದಲ್ಲಿ ನಮ್ಮ ಕೈಯಲ್ಲಿ ಸೋತವನು ಅವನೊಬ್ಬನೇ. ನಮ್ಮ ತಂಡ ಅಳಿಸಿಹೋದರೆ ಅವನ ಆ ಸೋಲೂ ಅಳಿಸಿಹೋಗುತ್ತಿತ್ತು.

ಕೊನೆಗೆ ನಾವು ಹೊರಡುವ ಶುಕ್ರವಾರವೇ ಬಂತು. ವಿಮಾನ ರಾತ್ರಿಗೆ. ಜೋವಿನ್ ಪ್ರತಿ ಶುಕ್ರವಾರ ಬೆಳಿಗ್ಗೆ ಚರ್ಚಿಗೆ ಹೋಗಿ, ಪೂಜೆ, ಧರ್ಮೋಪದೇಶದ ಕ್ಲಾಸು ಮುಗಿಸಿ ಬರುತ್ತಿದ್ದ. ನಾನು ಹೋಗಿ ಅವನ ಮನೆಯ ಸೋಫಾದಲ್ಲಿ ಕೂತೆ. ಮೊದಲೇ ವಾಪಸಾಗಿದ್ದ ಅವನ ಅಮ್ಮ ಚಾ ಕೊಟ್ಟು, "ಎಂತ ಸ್ವಾತಿ, ಪ್ಯಾಕಿಂಗ್ ಆಯ್ತಾ?" ಎಂದು ಕೇಳಿದರು. "ಆಯ್ತು ಆಂಟಿ. ಒಂದು ಮ್ಯಾಚ್ ಬಾಕಿ ಉಂಟು. ಜೋವಿನ್ ಆಡುವವರೆಗೆ ನಾನು ಏಳುದಿಲ್ಲ," ಎಂದೆ. ಆಂಟಿಗೆ ನಗು ತಡೆಯಲಾಗಲಿಲ್ಲ. ಜೋವಿನ್ ಬಂದವನೇ ನನ್ನನ್ನು ಕಂಡು ಬಾಗಿಲಲ್ಲೇ ನಿಂತ.

"ಹೋಗಿ ಆಡಿ ಬಾ. ಪಾಪ, ಹುಡುಗಿ ಊರಿಗೆ ಹೋಗ್ತಾಳೆ," ಎಂದರು ಆಂಟಿ.

"ಪಾಪ ಅಂತ ಆಡುದು ಬೇಡ," ಎಂದೆ. "ಸರಿಯಾಗಿ ಆಡ್ಲಿ."

ಸರಿಯಾಗಿಯೇ ಆಡಿದ. ಮಾರ್ಚಿನ ಬಿಸಿಲಿಗೆ ಮರಳು ಕಾದಿತ್ತು. ಆಶು ಹಿಂದಿನ ದಿನದಿಂದ ಜ್ವರ ಬಂದು ಮಲಗಿದ್ದ, ನಾವು ಇಬ್ಬರೇ. ಗೋಲಿನ ಮೇಲೆ ಗೋಲು. ಎಷ್ಟಾಯಿತೆಂದು ಲೆಕ್ಕ ಇಡುವುದನ್ನು ಸುಹೈಲ್ ನಿಲ್ಲಿಸಿದ, ನಾನು ಓಡುವುದನ್ನು ನಿಲ್ಲಿಸಲಿಲ್ಲ. ಅಮ್ಮ ಬಾಲ್ಕನಿಯಿಂದ, "ಟ್ಯಾಕ್ಸಿಗೆ ಹೇಳಿ ಆಯ್ತು, ಸ್ನಾನ ಮಾಡ್ಲಿಕ್ಕೆ ಬಾ," ಎಂದು ಕರೆದರೂ ಕೊನೆಯ ಸೀಟಿಯವರೆಗೆ ನಿಂತೆ. ಜೋವಿನ್ ಬಂದು ಕೈ ಕೊಟ್ಟ. "ಖಲಾಸ್. ಲಾಸ್ಟ್ ಪ್ಲೇಸ್," ಎಂದ. ಕೈ ಬಿಡುವಾಗ, "ವಿತ್ ಒನ್ ವಿನ್," ಎಂದೂ ಸೇರಿಸಿದ. ಆ ರಾತ್ರಿ ವಿಮಾನದಲ್ಲಿ ಕಾಲು ನೋವಿಗೆ ನಿದ್ದೆ ಬರಲಿಲ್ಲ. ಆದರೂ ನಾನು ಸೋತು ಹೋಗುತ್ತಿದ್ದೇನೆ ಅಂತ ಒಮ್ಮೆಯೂ ಅನಿಸಲಿಲ್ಲ.

ಕಳೆದ ವರ್ಷ ಮಂಗಳೂರಿನ ಒಂದು ಮದುವೆಯಲ್ಲಿ ಜೋವಿನ್ ಸಿಕ್ಕಿದ. ಗಡ್ಡ ಬಿಟ್ಟಿದ್ದಾನೆ. ನಾವು ದುಬೈ ಬಿಟ್ಟ ಬೇಸಿಗೆಯಲ್ಲೇ ಅವರೂ ಅಬುಧಾಬಿಗೆ ಮನೆ ಬದಲಿಸಿದರಂತೆ. "ನನಗೆ ಎರಡು ಮ್ಯಾಚ್ ಬಾಕಿ ಇತ್ತು. ಅಂದ್ರೆ ನಮ್ಮ ಟೀಮ್ ಕ್ಯಾನ್ಸಲ್. ಅಂದ್ರೆ ನಿನ್ನ ವಿನ್ ಕೂಡ ಕ್ಯಾನ್ಸಲ್," ಎಂದು ನಗಾಡಿದ.

ನನಗೆ ನಗು ಬರಲಿಲ್ಲ. "ಹೋಗಿ ಆಡಿ ಮುಗಿಸು," ಎಂದೆ.

"ಯಾರ ಜೊತೆ ಮಾರಾಯ್ತಿ? ಯಾರ ನಂಬರ್ ಉಂಟು ನಿನ್ನ ಹತ್ರ?"

ಇಲ್ಲ. ಆರು ಮಹಡಿಯಲ್ಲಿ ಯಾರ ಮನೆಯ ಬೆಲ್ ಒತ್ತಿದರೂ ಬಾಗಿಲು ತೆರೆಯುತ್ತಿತ್ತು, ನಂಬರು ಯಾಕೆ ಬೇಕಿತ್ತು? ಸುಹೈಲ್‌ನ ಅಪ್ಪನ ಪೂರ್ತಿ ಹೆಸರೂ ನನಗೆ ಗೊತ್ತಿಲ್ಲ. ಆ ಖಾಲಿ ಜಾಗದಲ್ಲಿ ಈಗ ಇನ್ನೊಂದು ಕಟ್ಟಡ ಎದ್ದಿದೆಯಂತೆ. ಆ ಗೋಲಿನ ಬಗ್ಗೆ ಆಶುವನ್ನು ಕೇಳಿದರೆ, ಅದನ್ನು ಹೊಡೆದವನಿಗೇ ನೆನಪಿಲ್ಲ. ನಿಯಮ ಏನೇ ಹೇಳಲಿ, ಆ ಗೆಲುವನ್ನು ನಾನಂತೂ ಬಿಟ್ಟುಕೊಡುವುದಿಲ್ಲ. ಆದರೆ ಅದು ನಿಜಕ್ಕೂ ನಡೆದಿತ್ತು ಎಂದು ಹೇಳಲು ನನಗೀಗ ಉಳಿದಿರುವವನು, ಅಂದು ಸೋತ ಜೋವಿನ್ ಒಬ್ಬನೇ.