ಒಸಡಿನ ಬಣ್ಣದ ಸಂದು

ಹಲ್ಲು ಕಟ್ಟುವವರ ಕೈ ಯಾರಿಗೂ ಕಾಣುವುದಿಲ್ಲ, ಕಾಣುವುದು ಡಾಕ್ಟರ ಬೋರ್ಡು. ಆ ಬೋರ್ಡಿನ ಹಿಂದೆ, ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಒಬ್ಬಳು ಕೂತು, ಅಚ್ಚು ತೆಗೆದು, ಮೇಣ ಕೆತ್ತಿ, ಊರಿನ ಅರ್ಧ ಬಾಯಿಗಳಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟಿದ್ದಾಳೆ. ಜನ ಕನ್ನಡಿ ನೋಡಿಕೊಂಡು "ಡಾಕ್ಟ್ರೇ, ನಿಮ್ಮ ಕೈಗುಣವೇ ಕೈಗುಣ" ಎಂದು ಕೈಮುಗಿಯುತ್ತಾರೆ. ಡಾಕ್ಟರೂ ಹಲ್ಲು ಬಿಟ್ಟು ಒಪ್ಪಿಕೊಳ್ಳುತ್ತಾರೆ. ಅದು ಕೆಳಗೆ ಕೂತವಳ ಕೆಲಸ ಎಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಬೀದಿಯವರ ಬಾಯಲ್ಲಿ ಅವಳು ಹಲ್ಲಿನಕ್ಕ. ತರಲೆಗಳು ಅದನ್ನೇ ಹಲ್ಲಿಯಕ್ಕ ಮಾಡಿದ್ದಾರೆ. ಅದಕ್ಕವಳು ನಕ್ಕುಬಿಡುತ್ತಾಳೆ. ತಾನು ಮಾಡಿದ ಒಂದೇ ಒಂದು ಕೆಲಸದ ಪಕ್ಕದಲ್ಲೂ ತನ್ನ ಹೆಸರಿಲ್ಲವಲ್ಲ ಎನ್ನುವುದು ಮಾತ್ರ ಹೊಟ್ಟೆಯೊಳಗಿನ ಉರಿ.

ಮೋಟರ್‌ಸೈಕಲ್ ತಂದದ್ದು ಗಂಡ. ಅಂಗೈಯಲ್ಲಿ ಕೂರುವಂಥದ್ದು, ಡಬ್ಬಿಯ ತುಂಬ ನೂರ ಹನ್ನೆರಡು ಪ್ಲಾಸ್ಟಿಕ್ ತುಂಡುಗಳು, ಜೊತೆಗೆ ಅವನ್ನು ಜೋಡಿಸುವ ನಕ್ಷೆ. ಆತ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಬಸ್ಸಿನ ಇಂಜಿನ್ನನ್ನೇ ಬಿಚ್ಚಿ ಕಟ್ಟುವವನಿಗೆ ಇದ್ಯಾವ ಮಹಾ ಎಂದು ಊಟದ ಮೇಜಿನ ಮೇಲೆ ಹರಡಿಕೊಂಡವನು ಎರಡನೇ ದಿನಕ್ಕೇ ಕೈಚೆಲ್ಲಿದ. ಪೆಟ್ರೋಲ್ ಟ್ಯಾಂಕಿಗೆ ಎಡಬಲ ಎರಡು ಹೋಳು, ಅದರಲ್ಲೊಂದು ಸೊಟ್ಟ. ಅಂಟಿಸಿದರೆ ನಡುವೆ ಉಗುರು ತೂರುವಷ್ಟು ಸಂದು.

"ಇದು ಕಂಪನಿಯೋರ ತಪ್ಪು ಕಣೇ, ಬಿಸಾಕು" ಎಂದ.

"ಸಂದು ಕಂಡ್ರೆ ಬಿಸಾಕೋದಾದ್ರೆ ಈ ಊರಲ್ಲಿ ಒಬ್ರ ಬಾಯಲ್ಲೂ ಹಲ್ಲಿರ್ತಿರ್ಲಿಲ್ಲ. ಇಲ್ಲಿ ಕೊಡಿ."

ಮೊದಲು ಅಂಗಡಿಯ ಪುಟ್ಟಿಯನ್ನೇ ತುಂಬಿ ನೋಡಿದಳು. ಮಾರನೆಯ ದಿನಕ್ಕೆ ಅದು ಒಣಗಿ ಕುಗ್ಗಿ, ಸಂದಿನ ಗೆರೆ ಮತ್ತೆ ಇಣುಕಿತು. ಅದನ್ನು ಕೆರೆದು ತೆಗೆದು ತನ್ನ ದಾರಿ ಹಿಡಿದಳು. ಹಲ್ಲಿನ ಸೆಟ್ಟಿಗೆ ಒಸಡು ಮಾಡುವ ಗುಲಾಬಿ ಪುಡಿಯೊಂದಿದೆ. ಕುಂಚದ ತುದಿಯನ್ನು ಅದರ ದ್ರವದಲ್ಲಿ ಅದ್ದಿ, ಪುಡಿಗೆ ಮುಟ್ಟಿಸಿ, ಸಾಸಿವೆಯಷ್ಟು ಸಾಸಿವೆಯಷ್ಟಾಗಿ ಸಂದಿಗೆ ಇಳಿಸಬೇಕು. ದ್ರವ ಹೆಚ್ಚಾದರೆ ಟ್ಯಾಂಕೇ ಕರಗುತ್ತದೆ, ಕಡಿಮೆಯಾದರೆ ಪುಡಿ ಉದುರುತ್ತದೆ. ಗಟ್ಟಿಯಾದ ಮೇಲೆ ಅರ ಹಾಕಿ, ಒದ್ದೆ ಮರಳುಕಾಗದದಲ್ಲಿ ಉಜ್ಜಿ, ಕಣ್ಣು ಮುಚ್ಚಿಕೊಂಡು ಉಗುರಾಡಿಸಿ ನೋಡುತ್ತಿದ್ದಳು. ಕಣ್ಣಿಗೆ ಮಣ್ಣೆರಚಬಹುದು, ನಾಲಿಗೆಗೆ ಆಗುವುದಿಲ್ಲ. ಬಾಯೊಳಗೆ ಕೂದಲೆಳೆಯೂ ಹಗ್ಗವಾಗುತ್ತದೆ. ಟ್ಯಾಂಕನ್ನೂ ಯಾರದೋ ಬಾಯಿಗೆ ಇಡುವವಳಂತೆಯೇ ಉಜ್ಜಿದಳು. ಉಳಿದ ತುಂಡುಗಳನ್ನೂ ಒಂದೊಂದಾಗಿ ಅವಳೇ ಜೋಡಿಸಿದಳು. ಎರಡು ತಿಂಗಳ ಭಾನುವಾರಗಳು ಇದಕ್ಕೇ ಹೋದವು. ಮೇಲೆ ಕಡುಹಸಿರು ಬಣ್ಣ ಹೊಡೆದ ದಿನ ಗಂಡ ಟ್ಯಾಂಕನ್ನು ತಿರುಗಿಸಿ ತಿರುಗಿಸಿ ನೋಡಿ, "ಎಲ್ಲೇ ಹೋಯ್ತು ಸಂದು?" ಎಂದ. ಅಷ್ಟು ಹಿಗ್ಗು ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

ಗ್ರಂಥಾಲಯದ ಸಭಾಂಗಣದಲ್ಲಿ ಕೈಯಿಂದ ಜೋಡಿಸಿದ ಪುಟ್ಟ ಮಾದರಿಗಳ ಸ್ಪರ್ಧೆಯಿತ್ತು. ಹಲ್ಲಿನಕ್ಕ ಮೋಟರ್‌ಸೈಕಲ್ಲನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ತನ್ನ ಹೆಸರಿನ ಚೀಟಿ ನಿಲ್ಲಿಸಿದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಗಂಡನ ಜೊತೆ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಗಾಡಿ ಕಿಟಕಿಕಟ್ಟೆಯ ಮೇಲಿತ್ತು, ಚೀಟಿ ತೀರ್ಪುಗಾರರ ಜೇಬಿನಲ್ಲಿತ್ತು.

"ಇದು ರೆಡಿಮೇಡ್ ಆಟಿಕೆ ಅಮ್ಮಾ" ಎಂದರು ತೀರ್ಪುಗಾರರು, ಕನ್ನಡಕವನ್ನು ಹಣೆಗೇರಿಸಿ. "ಕೈಯಲ್ಲಿ ಜೋಡ್ಸಿದ್ರೆ ಟ್ಯಾಂಕ್ ಮೇಲೆ ಸಂದಿನ ಗೆರೆ ಇರುತ್ತೆ. ಇದ್ರಲ್ಲಿ ಇಲ್ಲ."

"ಇರಬಾರ್ದು ಅಂತಾನೇ ಅಲ್ವಾ ಎರಡು ತಿಂಗಳು ಉಜ್ಜಿದ್ದು?"

ಅವರು ಗಂಡನತ್ತ ತಿರುಗಿದರು. "ಸಾರ್, ನೀವು ಮಾಡಿದ್ದಾ?"

"ನಾನಾ? ನಾನು ಮಾಡಿದ್ರೆ ಆ ಸಂದಲ್ಲಿ ಬಸ್ಸೇ ಹೋಗ್ತಿತ್ತು ಸ್ವಾಮಿ."

ಎಂಥ ನ್ಯಾಯ ನೋಡಿ! ಸಂದು ಬಾಯ್ಬಿಟ್ಟುಕೊಂಡಿದ್ದ ವಿಮಾನ, ಕಾರು, ಹಡಗುಗಳೆಲ್ಲ ಮೇಜಿನ ಮೇಲೆ ಮೆರೆಯುತ್ತಿದ್ದವು. ಕೆಲಸ ಚೆನ್ನಾಗಿದ್ದರೆ ಅದು ಅವಳದಲ್ಲ, ಕೆಟ್ಟಿದ್ದರೆ ಮಾತ್ರ ಅವಳದು. ಇಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದವಳಿಗೆ ಮೈಯೆಲ್ಲ ಉರಿದುಹೋಯಿತು.

"ನೀವೇ ಜೋಡ್ಸಿದ್ದು ಅನ್ನೋದಕ್ಕೆ ಸಾಕ್ಷಿ ತೋರ್ಸಿ, ಒಪ್ಕೊಳ್ತೀನಿ" ಎಂದರು ಅವರು.

ಅವಳು ಬಟ್ಟೆಗೆ ಚುಚ್ಚಿದ್ದ ಪಿನ್ನು ತೆಗೆದಳು. "ಬೇಡ ಕಣೇ" ಎಂದು ಗಂಡ ಕೈ ಹಿಡಿಯುವಷ್ಟರಲ್ಲಿ ಟ್ಯಾಂಕಿನ ನೆತ್ತಿಯ ಮೇಲೆ ಗೀರಿಯಾಗಿತ್ತು. ಅಕ್ಕಿಕಾಳಿನುದ್ದ ಹಸಿರು ಬಣ್ಣ ಎದ್ದು ಬಂತು. ಅದರಡಿ ಗುಲಾಬಿ ಬಣ್ಣದ ನೇರ ಗೆರೆ.

"ಏನಿದು?"

"ಒಸಡು. ಯಾವ ಅಂಗಡಿ ಆಟಿಕೆಗೆ ಒಸಡಿರುತ್ತೆ, ಹೇಳಿ?"

ತೀರ್ಪುಗಾರರು ಭೂತಗನ್ನಡಿ ಹಿಡಿದು ನೋಡಿದರು. ಮೂಲೆಗೆ ಹೋಗಿ ಜೊತೆಯವರ ಹತ್ತಿರ ಗುಸುಗುಸು ಮಾಡಿ ಬಂದರು. "ಆಯ್ತಮ್ಮ, ಜೋಡ್ಸಿದ್ದೇ, ಒಪ್ಪಿದ್ವಿ. ಆದ್ರೆ ಈಗ ಟ್ಯಾಂಕ್ ಮೇಲೆ ಗೀರಿದೆಯಲ್ಲ? ಗೀರಿರೋದನ್ನ ಬಹುಮಾನಕ್ಕೆ ತಗೊಳ್ಳೋ ಹಾಗಿಲ್ಲ. ನಿಯಮ."

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ! ಗಂಡ ತೋಳೇರಿಸಿಕೊಂಡು ಮುಂದೆ ಬಂದ. ಅವಳು ಅವನನ್ನು ಪಕ್ಕಕ್ಕೆ ಸರಿಸಿದಳು.

"ಬಹುಮಾನ ನೀವೇ ಇಟ್ಕೊಳ್ಳಿ. ನನ್ನ ಚೀಟಿ ಕೊಡಿ."

ಅವರು ಜೇಬಿನಿಂದ ತೆಗೆದುಕೊಟ್ಟರು. ಚೀಟಿಯಲ್ಲಿ ಎರಡು ಸಾಲು ಅಚ್ಚಾಗಿತ್ತು: ಜೋಡಣೆ, ಬಣ್ಣ. ಎರಡರ ಮುಂದೆಯೂ ಅವಳ ಹೆಸರು. ಅವಳು ಗಾಡಿಯನ್ನು ಕಿಟಕಿಕಟ್ಟೆಯಿಂದ ಎತ್ತಿ ತಂದು ಮೇಜಿನ ನಟ್ಟನಡುವೆ ಇಟ್ಟಳು. ಆಮೇಲೆ ಚೀಟಿಯನ್ನು ತೀರ್ಪುಗಾರರ ಮುಂದೆಯೇ ಹಿಡಿದಳು.

"ಕೆಳಗೆ ಇನ್ನೊಂದು ಸಾಲು ಬರೀರಿ. ಗೀರು ಅಂತ ಬರ್ದು, ಮುಂದೆ ನಿಮ್ಮ ಹೆಸರು ಹಾಕಿ."

"ಇದೆಲ್ಲ ಯಾಕಮ್ಮಾ..."

"ಯಾರ ಕೆಲಸಾನೋ ಅವರ ಹೆಸರು ಇರ್ಬೇಕು. ಬರೀರಿ, ನಂಗೇನೂ ಅವಸರ ಇಲ್ಲ."

ಸುತ್ತ ಜನ ಸೇರತೊಡಗಿದರು. ತೀರ್ಪುಗಾರರು ಅತ್ತ ನೋಡಿದರು, ಇತ್ತ ನೋಡಿದರು, ಬಾಗಿಲು ನೋಡಿದರು; ಬಾಗಿಲಲ್ಲಿ ಮೆಕ್ಯಾನಿಕ್ಕು ನಿಂತಿದ್ದ. ಕೊನೆಗೆ ಪೆನ್ನು ತೆಗೆದು, ಚೀಟಿಯ ಮೂಲೆಯಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಬರೆದುಕೊಟ್ಟರು.

ಅವಳು ಓದಿ ವಾಪಸು ಕೊಟ್ಟಳು.

"ತುಂಬಾ ಸಣ್ಣಕ್ಷರ ಆಯ್ತು. ಜನಕ್ಕೆ ಕಾಣಲ್ಲ. ಇನ್ನೊಂದು ಸಲ ಬರೀರಿ."