ಅಕ್ಕನಿಗೆ ಕಂಡ ಚಿತ್ರ

ಅಕ್ಕ ಜೀವಮಾನದಲ್ಲಿ ಬಾಯಿಬಿಟ್ಟು ಕೇಳಿದ್ದು ಒಂದೇ ವಸ್ತು. ಅದನ್ನು ಕೇಳಿದಾಗ ನಾನು ಕೊಡಿಸಲಿಲ್ಲ.

ಅವಳ ಬಲಗೈ ತೋರುಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಹುಣಸೆ ಬೀಜದಂತೆ ಗಟ್ಟಿಯಾಗಿತ್ತು. ಅವ್ವ ಸತ್ತ ಮೇಲೆ ಊರವರ ಕೌದಿ ಹೊಲಿದು ನನ್ನನ್ನು ಸಾಕಿದವಳು ಅವಳು. ಹಳೆಯ ಸೀರೆ, ಧೋತರ ಕತ್ತರಿಸಿ ಚೌಕಗಳನ್ನು ನೆಲದ ಮೇಲೆ ಹರಡಿಕೊಂಡು, ಕೆಂಪಿನ ಪಕ್ಕ ಯಾವ ಬಣ್ಣ ಕೂಡಬೇಕೆಂದು ಅರ್ಧ ದಿನ ನೋಡುತ್ತ ಕೂತಿರುವಳು. ಯಾರಾದರೂ ಅವಸರ ಮಾಡಿದರೆ, "ಹೊದ್ಕೊಂಡವ್ರು ನಿದ್ದಿ ಮಾಡ್ತಾರ. ನೋಡಾಕಿ ನಾನ ಅಲ್ಲೇನು?" ಎನ್ನುವಳು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಕ್ಕೆ ಬಿದ್ದವನು. ಕಾಲುವೆ ನೀರು ಬಂದು ಎರಡು ಸಲ ಭತ್ತ ಬೆಳೆದ ಮೇಲೆ ಎರಡು ಖೋಲಿಯ ಮನೆ ಕಟ್ಟಿಸಿದೆ. ಗೋಡೆಗೆ ಫೋಟೊ ತರಲು ಇಬ್ಬರೂ ಶಹಾಪುರಕ್ಕೆ ಹೋದೆವು. ಆ ಹೊತ್ತಿಗೆ ಅಕ್ಕನ ಕಣ್ಣು ಮಂಜಾಗಿತ್ತು. ನರವೇ ಒಣಗುತ್ತಿದೆ, ಮಾಡುವಂಥದ್ದೇನೂ ಇಲ್ಲ ಎಂದು ಗುಲಬರ್ಗಾದ ಡಾಕ್ಟರು ಹೇಳಿ ಕಳಿಸಿದ್ದರು.

ಫ್ರೇಮಿನ ಅಂಗಡಿಯಲ್ಲಿ ಅಷ್ಟೊಂದು ದೇವರುಗಳನ್ನು ಬಿಟ್ಟು ಅವಳು ಮೂಲೆಯ ಒಂದು ಚಿತ್ರದ ಮುಂದೆ ನಿಂತಳು. ಅದರಲ್ಲಿ ದೇವರಿಲ್ಲ, ಮನುಷ್ಯರಿಲ್ಲ, ಗಿಡವೂ ಇಲ್ಲ. ಬರೀ ದೊಡ್ಡ ದೊಡ್ಡ ಚೌಕ, ತ್ರಿಕೋನ. ಕೆಂಪು, ಕಪ್ಪು, ಹಳದಿ.

"ತಮ್ಮಾ, ಇದನ್ನ ಕೊಡಸೊ. ಇದು ನಂಗ ಕಾಣ್ತದ."

ಅಂಗಡಿಯವನು ನಕ್ಕ. "ಯಾರೋ ಫ್ರೇಮ್ ಕಟ್ಟಾಕ ಕೊಟ್ಟು ಬಿಟ್ಟುಹೋದದ್ದು ರೀ ಅದು. ತಲಿ ಯಾವುದು, ಬುಡ ಯಾವುದು ನನಗ ಗೊತ್ತಿಲ್ಲ. ಉಲ್ಟಾ ಹಾಕಿದ್ರೂ ನಡೀತದ ನೋಡ್ರಿ!"

ಅಲ್ಲಿದ್ದವರೆಲ್ಲ ನಕ್ಕರು. ಅಕ್ಕ 'ಕಾಣ್ತದ' ಎಂದದ್ದು ನನಗೆ ಕೇಳಿಸಿತ್ತು. ಆದರೆ ನಗುವೇ ಜೋರಾಗಿತ್ತು.

"ನಾಳಿಗಿ ನಂಗ ಹೆಣ್ಣು ಕೊಡಾಕ ಬಂದವ್ರು ಏನಂದಾರು? ಇದಕ್ಕ ಕೈ ಮುಗೀತಿಯೇನು?" ಎಂದೆ.

"ಕೈ ಮುಗಿಯಾಕಲ್ಲೊ, ನೋಡಾಕ."

ನಾನು ಲಕ್ಷ್ಮಿಯ ಫೋಟೊ ತಗೊಂಡೆ. ಅವಳು ಎರಡನೆಯ ಸಲ ಕೇಳಲಿಲ್ಲ. ಬಸ್ಸಿನಲ್ಲಿ ಲಕ್ಷ್ಮಿಯ ಫೋಟೊವನ್ನೇ ಮಡಿಲಲ್ಲಿಟ್ಟುಕೊಂಡು ಬಂದಳು. ದಿನಾ ಮಿಂದು ಅದರ ಮುಂದೆ ಕೈ ಮುಗಿಯುವುದನ್ನು ಕಂಡು, ಎಲ್ಲ ಸರಿಹೋಯಿತು ಅಂದುಕೊಂಡೆ.

ಮೂರನೆಯ ವರ್ಷ ಗಾಜು ಒಡೆಯಿತೆಂದು ಫೋಟೊ ಇಳಿಸಿಟ್ಟಿದ್ದೆ. ಮರುದಿನ ಬೆಳಿಗ್ಗೆ ಅಕ್ಕ ಬಂದು ಬರೀ ಮೊಳೆಗೆ ಕೈ ಮುಗಿದಳು.

"ಅಕ್ಕಾ, ಅಲ್ಲಿ ಫೋಟೊ ಇಲ್ಲ."

"ಹೌದೇನು?" ಎಂದು ನಕ್ಕಳು. "ನಂಗ ಅದು ಎಂದೂ ಕಂಡಿಲ್ಲ ಬಿಡು. ನೀ ತಂದೀದಿ ಅಂತ ಮುಗೀತಿದ್ದೆ."

ಅವತ್ತೇ ಶಹಾಪುರಕ್ಕೆ ಓಡಿದೆ. ಆ ಚಿತ್ರ ಅದೇ ಮೂಲೆಯಲ್ಲಿ ಧೂಳು ಹಿಡಿದು ನೇತಾಡುತ್ತಿತ್ತು. ತಂದು ಕಿಟಕಿಯ ಬೆಳಕಿಗೆ ಹಿಡಿದೆ. ಅಕ್ಕ ಮುಖ ಹತ್ತಿರ ತಂದಳು, ದೂರ ಒಯ್ದಳು. ಈಗ ಬೆಳಕು ಎತ್ತ ಇದೆಯೆಂಬುದಷ್ಟೇ ಅವಳಿಗೆ ತಿಳಿಯುತ್ತಿತ್ತು. ಕೊನೆಗೆ ಅಂಗೈಯನ್ನು ಗಾಜಿನ ಮೇಲೆ ಆಡಿಸಿದಳು. ಕೌದಿಯಾಗಿದ್ದರೆ ಕೈಗೆ ಹೊಲಿಗೆಯಾದರೂ ಸಿಗುತ್ತಿತ್ತು. ಗಾಜು ಎಲ್ಲ ಕಡೆಯೂ ಒಂದೇ ನುಣುಪು.

"ಕೆಂಪು ಎಲ್ಲಿ ಅದನೊ?"

ಅವಳ ಕೈ ಹಿಡಿದು ಕೆಂಪಿನ ಮೇಲಿಟ್ಟೆ. "ಹ್ಞೂಂ, ಚಲೋ ಅದ," ಎಂದಳು, ಕಂಡವಳ ಹಾಗೆ.

"ಅಕ್ಕಾ," ಎಂದೆ, "ಅವತ್ತ ನಿಂಗ ಕಾಣತಿತ್ತು. ಮಂದಿ ನಕ್ಕರಂತ ನಾ ಕೊಡಸಲಿಲ್ಲ. ನಂದು ತಪ್ಪಾತು, ಅಕ್ಕಾ."